ಸಿಹಿನೀರ ಬಾವಿ ಕಹಿಯಾಗಿದ್ದು

ಒಂದಾನೊಂದು ಕಾಲ ಕೂಸೇ, ನಮ್ಮ ಮುತ್ತಜ್ಜಿಗೂ ಮುಂಚಿನ ಕಾಲ. ಒಂದೂರಲ್ಲಿ ಚೌಡಮ್ಮ, ಪುಟ್ಟೀರಮ್ಮ ಅಂತ ಅಕ್ಕತಂಗೀರು ಇದ್ದರಂತೆ. ಒಂದೇ ಮನೆಯ ಅಣ್ಣತಮ್ಮಂದಿರನ್ನ ಮದುವೆಯಾಗಿ ಅಕ್ಕಪಕ್ಕದ ಮನೇಲಿ ಸಂಸಾರ ಹೂಡಿದ್ದರಂತೆ. ಹಿತ್ತಲಲ್ಲಿ ಒಂದೊಂದು ಬಾವಿ. ಅಕ್ಕನ ಬಾವಿ ನೀರು ಸವಳು, ತಂಗೀದು ಎಳನೀರಿನಂಗೆ ಸಿಹಿ. ಊರ ಹೆಂಗಸರೆಲ್ಲ ಬಿಂದಿಗೆ ಹೊತ್ಕೊಂಡು ತಂಗಿ ಬಾವಿಗೇ ಬರೋರು, ಹರಟೋರು, ನಗೋರು. ಅಕ್ಕನ ಬಾವಿಕಟ್ಟೇಲಿ ಕಪ್ಪೆ ಬಿಟ್ರೆ ಮಾತಾಡೋರಿಲ್ಲ. ಆ ನಗು ಕೇಳಿದಾಗೆಲ್ಲ ಚೌಡಮ್ಮನ ಹೊಟ್ಟೇಲಿ ಕೆಂಡ ಹೊರಳೋದಂತೆ.

ಆಮೇಲೆ ಒಂದಿನ ಚೌಡಮ್ಮ ಬಳೆಗಾರ್ತಿ ಸಿಕ್ಕಾಗ, ನನ್ನ ತಂಗಿ ಬಾವಿ ನೀರು ಕುಡಿದ್ರೆ ನಾಲಿಗೆ ಬುಡದಲ್ಲಿ ಒಂಚೂರು ಕಹಿ ನಿಲ್ಲುತ್ತೆ, ನಿಂಗೆ ಗೊತ್ತಾಗಲ್ವೇನೇ ಅಂದಳಂತೆ. ಗಾಣಗಿತ್ತಿ ಹತ್ರ, ಕಹಿ ದಿನೇ ದಿನೇ ಏರ್ತಿದೆ ಕಣೇ ಅಂದಳಂತೆ. ಆಮೇಲೆ ಸೂಲಗಿತ್ತಿ ಹತ್ರ ಹೋದ್ರೆ, ಇವಳು ಬಾಯಿ ಬಿಡೋ ಮೊದಲೇ ಅವಳೇ, ಅಯ್ಯೋ ಚೌಡಮ್ಮಾ, ನಿನ್ನ ತಂಗಿ ಬಾವಿ ಬೇವಿನ ಕಷಾಯ ಆಗೋಗಿದೆಯಲ್ಲೇ ಅಂದಳಂತೆ!

ಅಷ್ಟೇ, ಕುಡಿದೋರಿಗೆಲ್ಲ ಕಹಿ. ಸುಮ್ಮನೆ ಅನ್ನೋದಲ್ಲ, ನಿಜವಾಗ್ಲೂ ಮುಖ ಕಿವುಚಿ ಉಗಿಯೋರಂತೆ. ಎಲ್ಲರೂ ಅಕ್ಕನ ಬಾವಿಗೆ ಬಂದು, ಆ ಸವಳು ನೀರನ್ನೇ ಆಹಾ ಎಷ್ಟು ಸಿಹಿ ಅಂತ ಕುಡಿದರಂತೆ. ಚೌಡಮ್ಮ ಹಿಗ್ಗಿ ಹೀರೇಕಾಯಾದಳಂತೆ.

ಆಮೇಲೆ ಒಂದು ಮಟಮಟ ಮಧ್ಯಾಹ್ನ ಬಾಯಾರಿ, ಕದ್ದು ಹೋಗಿ ತಂಗಿ ಬಾವೀಲಿ ಬೊಗಸೆ ನೀರು ಕುಡಿದಳಂತೆ. ಥೂ, ಕಹಿ! ತಾನೇ ಕಟ್ಟಿದ ಮಾತು, ತನ್ನ ನಾಲಿಗೆಗೇ ಕಹಿ. ಅಷ್ಟರಲ್ಲಿ ಹಿತ್ತಲಿಗೆ ಬಂದ ಪುಟ್ಟೀರಮ್ಮ, ನಂಗೂ ಹಂಗೇ ಆಗ್ತಿದೆ ಅಕ್ಕಾ, ನಾಳೆ ಬಾವಿ ಮುಚ್ಚಿಸಿಬಿಡ್ತೀನಿ ಅಂತ ಅತ್ತಳಂತೆ.

ಚೌಡಮ್ಮ ಬೀದಿಗೆ ಓಡಿ, ನಾನು ಹೇಳಿದ್ದು ಸುಳ್ಳು ಕಣ್ರೇ ಅಂತ ಕೂಗಿದಳಂತೆ. ಯಾರು ನಂಬ್ತಾರೆ? ತಂಗಿ ಮೇಲಿನ ಮರುಕಕ್ಕೆ ಈಗ ಸುಳ್ಳು ಹೇಳ್ತಿದಾಳೆ ಅಂದರಂತೆ. ಆಮೇಲೆ ಅವಳು ಬೀದೀಲೇ ಎರಡು ಒಲೆ ಹೂಡಿ, ಒಂದು ಮಡಕೆಗೆ ತನ್ನ ನೀರು, ಇನ್ನೊಂದಕ್ಕೆ ತಂಗಿ ನೀರು ಹುಯ್ದು, ಎರಡಕ್ಕೂ ತೊಗರಿಬೇಳೆ ಹಾಕಿದಳಂತೆ. ಊರ ಮಾತು ಕೇಳೋಕೆ ಬೇಳೆಗೆ ಕಿವಿ ಇದೆಯಾ? ತಂಗಿ ನೀರಲ್ಲಿ ಬೆಣ್ಣೆಯಂಗೆ ಬೆಂತು, ಅಕ್ಕನ ಸವಳಲ್ಲಿ ಕಲ್ಲು ಕಲ್ಲಾಗೇ ಉಳೀತು. ಹೆಂಗಸರು ಮುಖ ಮುಖ ನೋಡ್ಕೊಂಡು, ಹೋಗಿ ತಂಗಿ ಬಾವಿ ನೀರು ಕುಡಿದ್ರೆ, ಸಿಹಿ!

ಚೌಡಮ್ಮನಿಗೆ ಮಾತ್ರ ಬಹಳ ದಿನ ಕಹಿಯೇ ಅಂತೆ. ಕೊನೆಗೊಂದು ಬೆಳಗ್ಗೆ ತಂಗಿ ಕೈ ಹಿಡಿದು, ನಿನ್ನ ಬಾವಿ ಕಂಡು ನಂಗೆ ಹೊಟ್ಟೆ ಉರೀತಿತ್ತು ಕಣೇ, ಈಗ್ಲೂ ಉರಿಯುತ್ತೆ ಅಂದುಬಿಟ್ಟಳಂತೆ. ಪುಟ್ಟೀರಮ್ಮ ನಕ್ಕು, ಉರಿಯೋದಾದ್ರೆ ನೀರು ಕುಡಿಯಕ್ಕಾ ಅಂತ ಬೊಗಸೆ ತುಂಬ ಹುಯ್ದಳಂತೆ.

ಆಗ ಸಿಹಿಯಾಯ್ತಂತೆ. ಅಲ್ಲಿಗೆ ಕತೇನೂ ಮುಗೀತು, ನನ್ನ ಬಾಯೂ ಸೋತಿತು, ನೀನಿನ್ನು ಮಲಕ್ಕೋ ಕೂಸೇ.