ಅಜ್ಜನ ಕಂಬಳಿ

ಹೊಳೆದಂಡೆಯ ಆ ಮಠದಲ್ಲಿ ಬೆಳಗಿನ ಗಂಟೆ ಬಾರಿಸುವ ಮೊದಲೇ ಅಡಿವೆಪ್ಪ ಸೀನುತ್ತಿದ್ದ.

ಸೀನಿನ ಹಿಂದೆ ಸೀನು. ಕಣ್ಣು ಕೆಂಪಾಗಿ ತುರಿಸುತ್ತಿತ್ತು, ಮೂಗು ಸೋರುತ್ತಿತ್ತು, ಕೊರಳ ಸುತ್ತ ಗಂದೆ ಏಳುತ್ತಿತ್ತು. ಇತ್ತೀಚೆಗೆ ಎದೆಯೊಳಗೂ ಸುಂಯ್ ಎನ್ನುವ ಸದ್ದು ಸೇರಿಕೊಂಡಿತ್ತು. ಬಿಸಿಲೇರಿದ ಮೇಲೆ ಎಲ್ಲ ತಾನಾಗಿ ಇಳಿಯುತ್ತಿತ್ತು.

ಮಠದ ಗುರು ಗಂಗಾಧರಜ್ಜ ಪಾಠಕ್ಕೆ ಕೂತಾಗ ಉಳಿದ ಶಿಷ್ಯರೆಲ್ಲ ಮುಂದೆ ಕೂರುತ್ತಿದ್ದರು. ಅಡಿವೆಪ್ಪ ಮಾತ್ರ ಕಟ್ಟಕಡೆಯ ಕಂಬದ ಹಿಂದೆ, ಬಾಯಿಗೆ ಟವೆಲ್ ಒತ್ತಿಕೊಂಡು. ತನ್ನ ಸೀನು ಅಜ್ಜನ ಮಾತಿಗೆ ಅಡ್ಡ ಬಂದೀತೆಂಬ ಭಯ ಅವನಿಗೆ.

ಪಟ್ಟಣದ ಡಾಕ್ಟರು ನೋಡಿ, ಇದು ಅಲರ್ಜಿ ಎಂದಿದ್ದರು. ಮಾತ್ರೆ ಕೊಟ್ಟು, ಯಾವುದು ಮೈಗೆ ಒಗ್ಗುವುದಿಲ್ಲವೋ ಅದನ್ನು ಕಂಡುಹಿಡಿದು ಬಿಟ್ಟುಬಿಡು ಎಂದು ಹೇಳಿ ಕಳಿಸಿದ್ದರು.

ಬಿಡುವುದನ್ನು ಮಠದವರಿಗೆ ಹೇಳಿಕೊಡಬೇಕೆ? ಕಂಡುಹಿಡಿಯುವ ಗೋಜಿಗೇ ಹೋಗದೆ ಅಡಿವೆಪ್ಪ ಬಿಡತೊಡಗಿದ. ಮೊದಲು ಮೊಸರು ಬಿಟ್ಟ. ಆಮೇಲೆ ಬದನೆಕಾಯಿ, ಬಾಳೆಹಣ್ಣು, ಶೇಂಗಾ ಚಟ್ನಿ. ಬಿಟ್ಟಷ್ಟೂ ಒಣಗಿದ. ಸೀನು ಮಾತ್ರ ಅವನನ್ನು ಬಿಡಲಿಲ್ಲ.

ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುವುದೊಂದು ಬಾಕಿ ಇತ್ತು, ಪಾಪ.

ಒಂದು ಬೆಳಗ್ಗೆ ಉಸಿರು ಸಿಕ್ಕಿಕೊಂಡು ಗೋಡೆ ಹಿಡಿದು ಕೂತ. ಈ ಜಾಗವೇ ತನ್ನನ್ನು ಒಲ್ಲೆ ಎನ್ನುತ್ತಿದೆ ಎನಿಸಿತು. ಇದನ್ನು ಬಿಟ್ಟರೆ ಅವನಿಗೆ ತನ್ನದೆನ್ನುವ ಬೇರೆ ಊರಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಆದರೂ ಗಂಟು ಕಟ್ಟಿ ಕಂಕುಳಲ್ಲಿ ಇಟ್ಟುಕೊಂಡು ಹೊಳೆಗೆ ನಡೆದ.

ಅಜ್ಜ ಕಲ್ಲಿನ ಮೇಲೆ ಕೂತು ಬೇವಿನ ಕಡ್ಡಿ ಜಗಿಯುತ್ತಿದ್ದರು.

“ಯಪ್ಪಾ, ಅಪ್ಪಣೆ ಕೊಡ್ರಿ. ನಾ ಹೊಂಟೀನಿ.”

“ಎಲ್ಲಿಗೆ?”

“ಗೊತ್ತಿಲ್ರಿ. ಈ ಜಾಗಾ ನನಗ ಒಗ್ಗವಲ್ದು. ಯಾವ ಜನ್ಮದ ಪಾಪನೋ ಏನೋ.”

ಅಜ್ಜ ಕಡ್ಡಿ ಉಗುಳಿದರು. “ಪಾಪ ಆಮ್ಯಾಲ ನೋಡೂಣು. ಸೀನು ಯಾವಾಗ ಬರತೈತಿ, ಅದನ್ನ ಹೇಳು.”

“ಮುಂಜಾನಿ, ಎಚ್ಚರಾದ ಕೂಡ್ಲೆ.”

“ಹೊಲದಾಗ? ಅಡಿಗಿ ಮನ್ಯಾಗ?”

“ಇಲ್ರಿ.”

“ಹ್ವಾದ ತಿಂಗಳ ಅಕ್ಕನ ಮನಿಗೆ ಹೋಗಿದ್ದೆಲ್ಲ, ಅಲ್ಲಿ?”

ಅಡಿವೆಪ್ಪ ನೆನಪು ಮಾಡಿಕೊಂಡ. ಅಲ್ಲಿ ಅಕ್ಕನ ಒತ್ತಾಯಕ್ಕೆ ಮೊಸರು ಉಂಡಿದ್ದ, ಎಣ್ಣೆಗಾಯಿ ಉಂಡಿದ್ದ, ಹೊತ್ತೇರುವ ತನಕ ಗಡದ್ದಾಗಿ ಮಲಗಿದ್ದ. ಒಂದು ಸೀನೂ ಬಂದಿರಲಿಲ್ಲ. ಗುರುವಿನ ಮುಂದೆ ಆ ಊಟ, ನಿದ್ದೆಯ ಸಂಗತಿ ಹೇಳಲು ನಾಚಿಕೆಯಾಯಿತು.

“ಅಲ್ಲಿ ಬರಲಿಲ್ರಿ. ಅದಕ್ಕ ಅಂದೆ, ಈ ಜಾಗಾನ ಒಗ್ಗವಲ್ದು ಅಂತ.”

“ಅಲ್ಲಿ ಏನ ಹೊಚ್ಕೊಂಡು ಮಲಗಿದ್ದಿ?”

“ಅಕ್ಕನ ಕೌದಿ.”

“ಇಲ್ಲಿ?”

ಅಡಿವೆಪ್ಪ ಕಂಕುಳಲ್ಲಿದ್ದ ಗಂಟನ್ನು ಇನ್ನಷ್ಟು ಬಿಗಿಯಾಗಿ ಅವುಚಿಕೊಂಡ.

ಅಜ್ಜ ಕೈ ಚಾಚಿ ಗಂಟು ಬಿಚ್ಚಿಸಿದರು. ಒಳಗಿದ್ದದ್ದು ಒಂದು ಹಳೆಯ ಕರಿ ಕಂಬಳಿ, ಅಜ್ಜನದೇ. ಎಷ್ಟೋ ವರ್ಷಗಳ ಹಿಂದೆ, ಇದನ್ನು ಕರುವಿಗೆ ಹಾಸು ಎಂದು ಅವರು ಅಡಿವೆಪ್ಪನ ಕೈಗೆ ಕೊಟ್ಟಿದ್ದರು. ಗುರು ಹೊದ್ದ ಕಂಬಳಿಯನ್ನು ದನದ ಕಾಲಡಿ ಹಾಕುವುದುಂಟೆ? ಕರುವಿಗೆ ಹುಲ್ಲು ಹಾಸಿ, ಕಂಬಳಿಯನ್ನು ಅವನೇ ಇಟ್ಟುಕೊಂಡ. ಅಂದಿನಿಂದ ಅದನ್ನು ಮುಖದ ತುಂಬ ಹೊದ್ದು ಮಲಗುತ್ತಿದ್ದ. ಅಜ್ಜನ ಸ್ಪರ್ಶ ಹೋದೀತೆಂದು ಒಗೆಯಲಿಲ್ಲ, ಬಿಸಿಲಿಗೂ ಹಾಕಲಿಲ್ಲ.

ಅಜ್ಜ ಅದನ್ನು ಕಲ್ಲಿನ ಮೇಲೆ ಹರವಿ ಕೋಲಿನಿಂದ ಬಾರಿಸಿದರು. ಎದ್ದ ಧೂಳಿಗೆ ಹೊಳೆಯ ಆಚೆ ದಡ ಕಾಣಲಿಲ್ಲ. ಅಡಿವೆಪ್ಪನಿಗೆ ಸೀನು ಶುರುವಾಯಿತು. ಅಜ್ಜನಿಗೂ ಒಂದು ಬಂತು.

ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಗಿತ್ತು.

ಸೀನು ನಿಂತ ಮೇಲೆ ಅಡಿವೆಪ್ಪ ಕಣ್ಣೊರೆಸಿಕೊಂಡು ಕೇಳಿದ. “ಧೂಳು ಎಲ್ಲಾರ ಮೂಗಿಗೂ ಹೋಗತೈತಿ. ನನಗಷ್ಟ ಯಾಕ್ರಿ ಹಿಂಗ?”

“ಹಗ್ಗ ನೋಡಿ ಹಾವಂತ ಹೆದರೂದು ಮನಸ್ಸಷ್ಟ ಅಂದ್ಕೊಂಡಿಯೇನು? ಮೈಯೂ ಹೆದರತೈತಿ. ನಿನ್ನ ಮೈ ಈ ಧೂಳನ್ನ ಹಾವು ಅಂದ್ಕೊಂಡೈತಿ. ಸೀನು, ತುರಿಕಿ, ಗಂದಿ, ಎಲ್ಲಾ ಅದು ಬೀಸೂ ಬಡಿಗಿ. ಧೂಳಿಗೇನೂ ಆಗೂದಿಲ್ಲ, ಪೆಟ್ಟು ನಿನಗ.”

“ಹಂಗಾರ ಧ್ಯಾನಕ್ಕ ಕೂತು ಮೈಗೆ ತಿಳಿಸಿ ಹೇಳ್ತೀನ್ರಿ, ಇದು ಹಗ್ಗ ಅಂತ.”

“ಮೂಗು ಪಾಠಾ ಕೇಳೂದಿಲ್ಲೋ ತಮ್ಮಾ. ಹಗ್ಗಾನ ತಗದಿಡಬೇಕು. ಎದಿ ಸುಂಯ್ ಅನ್ನಾಕತ್ತೈತಿ, ಇವತ್ತ ಮತ್ತ ಡಾಕ್ಟರ ಕಡೆ ಹೋಗು.”

ಅಜ್ಜ ಕಂಬಳಿಯನ್ನು ನೀರಿಗೆ ಎಳೆದರು. ಅಡಿವೆಪ್ಪ ಓಡಿ ಬಂದು ಅದರ ಇನ್ನೊಂದು ತುದಿ ಹಿಡಿದ.

“ಮೊಸರಾ ಬಿಟ್ಟಿ, ಹಣ್ಣ ಬಿಟ್ಟಿ, ಈಗ ಮಠಾನ ಬಿಟ್ಟು ಹೊಂಟಿದ್ದಿ,” ಎಂದರು ಅಜ್ಜ. “ಇದೊಂದು ಬಿಡಾಕ ಆಗವಲ್ದೇನು?”

“ಬದನಿಕಾಯಿ ನೀವು ಹೊಚ್ಕೊಂಡಿದ್ದಿಲ್ರಿ ಯಪ್ಪಾ.” ಅವನು ತುದಿ ಬಿಡಲಿಲ್ಲ. “ನಿಮ್ಮದು ಅಂತ ನನ್ನ ಹತ್ರ ಇರೂದು ಇದೊಂದ.”

ಅಜ್ಜನಿಗೆ ನಗು ಬಂದಿತ್ತು, ಅದು ಅರ್ಧಕ್ಕೇ ನಿಂತಿತು. ತಮ್ಮ ಕೈಯಲ್ಲಿದ್ದ ತುದಿಯನ್ನು ನೀರಿಗೆ ಬಿಟ್ಟರು. ಒದ್ದೆ ಕೈಯನ್ನು ಅವನ ಬೆನ್ನ ಮೇಲಿಟ್ಟರು, ಎಲುಬು ಕೈಗೆ ಸಿಕ್ಕಿತು. ಇಷ್ಟು ವರ್ಷಗಳಲ್ಲಿ ಅವನು ಇಷ್ಟು ಹತ್ತಿರ ಬಂದು ನಿಂತದ್ದೇ ಇರಲಿಲ್ಲ.

“ನಾ ಇನ್ನೂ ಇದ್ದೀನಲ್ಲೋ,” ಎಂದರು. “ನಾಳಿಂದ ಆ ಕಂಬದ ಹಿಂದ ಬ್ಯಾಡ, ನನ್ನ ಬಗಲಾಗ ಬಂದು ಕೂಡು.”