ಐದು ಗಂಟೆಯ ಹುಡುಗಿ

ನೇತ್ರಾವತಿಯ ದಡದಲ್ಲಿ ಸೆಲಿನ್ ಟೀಚರ್ ಮನೆ. ನಲವತ್ತೊಂದು ವರ್ಷ ಅವರು ಅಲ್ಲಿ ಪಿಯಾನೋ ಕಲಿಸಿದರು.

ಅವರ ಶಿಷ್ಯೆ ಜೆಸಿಂತಾ ಹೋದ ವರ್ಷ ಪಿಯಾನೋದ ಕೊನೆಯ ದರ್ಜೆಯ ಪರೀಕ್ಷೆಯಲ್ಲಿ ಏಳು ಅಂಕ ಸಾಲದೆ ಫೇಲಾಗಿದ್ದಳು. ಈ ವರ್ಷವೂ ಹಾಗೇ ಆದರೆ ಇನ್ನು ಪಿಯಾನೋ ಮುಟ್ಟುವುದಿಲ್ಲ ಎಂದು ಮನೆಯಲ್ಲಿ ಹೇಳಿ ಬಂದಿದ್ದಳು.

ಪರೀಕ್ಷೆಗೆ ಮೂರು ಕೃತಿ ನುಡಿಸಬೇಕು. ಎರಡನ್ನು ಟೀಚರ್ ಆರಿಸಿದರು. ಮೂರನೆಯದನ್ನು ಪರೀಕ್ಷೆಯ ಪಟ್ಟಿ ನೋಡಿ ನೀನೇ ಆರಿಸಿಕೋ ಎಂದರು.

ಜೆಸಿಂತಾ ಪಟ್ಟಿಯ ಕೃತಿಗಳಿದ್ದ ಪುಸ್ತಕವನ್ನು ಮಗುಚಿ ಮಗುಚಿ ನೋಡಿ ಒಂದು ಪುಟದ ಮೇಲೆ ಬೆರಳಿಟ್ಟಳು. ಸ್ವರಗಳು ಇರುವೆಗಳಂತೆ ಮುತ್ತಿಕೊಂಡು ಪುಟವೇ ಕಪ್ಪಾಗಿತ್ತು.

"ಇದೇ ಯಾಕೆ?"

"ಇದಕ್ಕಿಂತ ಕಪ್ಪಾದ ಪುಟ ಪಟ್ಟಿಯಲ್ಲಿ ಇಲ್ಲ ಟೀಚರ್. ಪರೀಕ್ಷಕರು ಒಂದು ಸಲವಾದರೂ ತಲೆಯೆತ್ತಿ ನನ್ನನ್ನು ನೋಡಬೇಕು."

ಟೀಚರ್ ಬೇಡವೆನ್ನಲಿಲ್ಲ. ಪರೀಕ್ಷೆಯ ಫಾರಂ ಕಳಿಸಲು ಇನ್ನೂ ಹನ್ನೊಂದು ವಾರ ಇದೆ, ಅಲ್ಲಿಯ ತನಕ ನುಡಿಸು ಎಂದರು.

ಜೆಸಿಂತಾ ದಿನವೂ ಮೂರು ಗಂಟೆಗೆ ಬಂದು ಆ ಕಪ್ಪು ಪುಟದೊಡನೆ ಕಾದಾಡಿದಳು. ತಪ್ಪಿದಳು, ಹಲ್ಲು ಕಚ್ಚಿದಳು, ಮತ್ತೆ ಮೊದಲಿನಿಂದ ಶುರುಮಾಡಿದಳು. ಟೀಚರ್ ಪಕ್ಕದಲ್ಲೇ ಕುಳಿತು ಬೆರಳು ತಿದ್ದಿದರು.

ಐದಾದಾಗ, ಮುಚ್ಚಳ ಹಾಕುವ ಮೊದಲು, ಕೈ ಸಡಿಲವಾಗಲೆಂದು ಅವಳು ಅದೇ ಪಟ್ಟಿಯಲ್ಲಿದ್ದ ಕುಣಿತದ ಲಯದ ಪುಟ್ಟ ಕೃತಿಯೊಂದನ್ನು ನುಡಿಸುತ್ತಿದ್ದಳು. ಅಷ್ಟು ಹೊತ್ತಿಗೆ ಟೀಚರ್ ಚಹಾಕ್ಕೆ ನೀರಿಡಲು ಎದ್ದು ಹೋಗಿರುತ್ತಿದ್ದರು.

ಫಾರಂ ತುಂಬುವ ದಿನ ಬಂತು. ಟೀಚರ್ ಪೆನ್ನು ಹಿಡಿದರು, ಬರೆಯಲಿಲ್ಲ. ದೋಣಿ ನಡೆಸುವ ಸೇಸಪ್ಪ ನಿನ್ನೆ ಸಿಕ್ಕಿದ್ದ ಎಂದು ಮಾತು ತೆಗೆದರು.

ಮೂರು ಗಂಟೆಯ ಹುಡುಗಿ ಚಾಪೆ ಕೊಡವಿದ ಹಾಗೆ ಪಿಯಾನೋ ಬಡಿಯುತ್ತಾಳಂತೆ. ಅವಳು ಹೋದ ಮೇಲೆ, ಐದು ಗಂಟೆಗೆ, ಇನ್ನೊಬ್ಬಳು ಬರುತ್ತಾಳಂತೆ. ಅವಳು ನುಡಿಸುವಾಗ ಸೇಸಪ್ಪ ಹುಟ್ಟು ಹಾಕಲು ಮರೆತು, ದೋಣಿ ಅಡ್ಡ ತಿರುಗಿ, ಮೀನು ಮಾರುವ ಹೆಂಗಸರಿಂದ ದಿನವೂ ಬೈಸಿಕೊಳ್ಳುತ್ತಾನಂತೆ.

"ಆ ಎರಡನೆಯವಳು ಯಾರು ಟೀಚರೇ ಅಂತ ಕೇಳಿದ."

ಜೆಸಿಂತಾಳ ಮುಖ ಸಪ್ಪಗಾಯಿತು. ತನ್ನ ನಂತರ ಇವರು ಇನ್ಯಾರಿಗೆ ಪಾಠ ಹೇಳುತ್ತಾರೆ ಎಂದು ಲೆಕ್ಕ ಹಾಕಿದಳು. ಆಮೇಲೆ ಹೊಳೆದು ನಗತೊಡಗಿದಳು.

"ಅದು ನಾನೇ ಅಲ್ಲವಾ ಟೀಚರ್."

ಟೀಚರ್ ಮೂರನೆಯ ಸಾಲಿನಲ್ಲಿ ಆ ಪುಟ್ಟ ಕೃತಿಯ ಹೆಸರು ಬರೆದರು.

"ಅಯ್ಯೋ, ಅದು ಎರಡೂವರೆ ನಿಮಿಷದ್ದು. ನಾನದನ್ನು ಒಂದು ದಿನವೂ ಅಭ್ಯಾಸ ಮಾಡಿಲ್ಲ."

"ಭಾನುವಾರ ಬಿಟ್ಟು ಅರುವತ್ತಾರು ದಿನ ನುಡಿಸಿದ್ದೀ."

ಜೆಸಿಂತಾ ತನ್ನ ಬೆರಳುಗಳನ್ನು ನೋಡಿಕೊಂಡಳು.

"ಹಾಗಾದರೆ ಮೂರು ಗಂಟೆಗೆ ಬಂದು ಬಡಿದವಳು ಪರೀಕ್ಷೆಯ ದಿನ ಮನೆಯಲ್ಲೇ ಕೂರಬೇಕಾ?"

ಟೀಚರ್ ಫಾರಂ ಮಡಿಸಿ ಲಕೋಟೆಗೆ ಹಾಕಿದರು.

"ಐದು ಗಂಟೆಯವಳು ಒಂದು ದಿನವೂ ನಿನಗಿಂತ ಮೊದಲು ಬಂದದ್ದಿಲ್ಲ. ನೀನೇ ಅವಳನ್ನು ಕರೆದುಕೊಂಡು ಹೋಗು."