ನಿಲ್ದಾಣಕ್ಕೆ ಗೌಡರ ಹೆಸರು

ನಗರದ ರೈಲು ಮಾದನಕೆರೆಯವರೆಗೂ ಬಂತು, ಹೊಸ ನಿಲ್ದಾಣವೂ ಎದ್ದಿತು. ಆದರೆ ಅಲ್ಲಿಗೆ ಹೋಗುವ ದಾರಿ ಮರಿಗೌಡರ ಜಮೀನಿನಲ್ಲಿತ್ತು. "ನಿಲ್ದಾಣಕ್ಕೆ ನನ್ನ ಹೆಸರಿಡೋ ತನಕ ಗೇಟು ತೆಗೆಯಲ್ಲ" ಎಂದು ಗೌಡರು ಬೀಗ ಜಡಿದುಬಿಟ್ಟರು. ಬೆಳಗಾದರೆ ಗಾರ್ಮೆಂಟ್ಸ್ ಕೆಲಸದ ಹೆಂಗಸರು ಗೇಟಿನಾಚೆ ನಿಂತು ಚಡಪಡಿಸುತ್ತಿದ್ದರು. ಅವರ ಕಣ್ಣೆದುರೇ ರೈಲು ಬಂದು, ನಿಂತು, ಖಾಲಿಯಾಗಿಯೇ ಹೊರಟುಹೋಗುತ್ತಿತ್ತು.

ನಿಲ್ದಾಣದ ಮೈಕಿನಲ್ಲಿ ರೈಲಿನ ಸಮಯ ಕೂಗುವ ನಾಗವೇಣಿಗೆ ಇದನ್ನು ನೋಡಿ ನೋಡಿ ಹೊಟ್ಟೆ ಉರಿಯಿತು. ಮೂರನೆಯ ದಿನ ಗೌಡರು ತಮ್ಮ ಹೆಸರಿನ ಬೋರ್ಡಿಗೆ ಜಾಗ ನೋಡಲು ಬಂದಾಗ ಅವಳು ಕೈಮುಗಿದಳು.

"ನಿಮ್ಮ ಹೆಸರು ಹೇಗೆ ಕೇಳ್ಸುತ್ತೆ ಅಂತ ಒಂದ್ಸಲ ಕೂಗಿ ನೋಡ್ಲಾ ಗೌಡ್ರೇ?"

"ಕೂಗಮ್ಮ, ಊರೇ ಕೇಳಲಿ!" ಗೌಡರು ಮೀಸೆ ತಿರುವಿದರು.

ನಾಗವೇಣಿ ಮೈಕು ಹಿಡಿದಳು.

"ಪ್ರಯಾಣಿಕರ ಗಮನಕ್ಕೆ. ಮುಂದಿನ ಗಾಡಿ ಮರಿಗೌಡರ ಮೇಲೆ ಹಾದುಹೋಗುತ್ತದೆ. ದಯವಿಟ್ಟು ಯಾರೂ ಮರಿಗೌಡರ ಮೇಲೆ ಉಗುಳಬೇಡಿ. ಮರಿಗೌಡರನ್ನು ದಿನಕ್ಕೆರಡು ಸಲ ಗುಡಿಸಿ ತೊಳೆಯಲಾಗುತ್ತದೆ."

ಗೇಟಿನಾಚೆ ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ಗೌಡರ ಮುಖ ಕೆಂಪಾಯಿತು.

"ಏ ತಾಯಿ, ನಿಲ್ಸು, ಸಾಕು!"

"ಇಷ್ಟಕ್ಕೇ ಹಿಂಗಂದ್ರೆ ಹೆಂಗೆ ಗೌಡ್ರೇ? ರೈಲು ಲೇಟಾದ ದಿನ ಜನ ನಿಲ್ದಾಣದ ಹೆಸರು ಹಿಡಿದೇ ಬೈಯ್ತಾರೆ."

ಗೌಡರು ಸೊಂಟದಿಂದ ಬೀಗದ ಕೈ ತೆಗೆದು ಅವಳ ಕೈಗೆ ಹಾಕಿದರು.

ಗೇಟು ತೆರೆದ ದಿನ ಅದೇ ಮೈಕಿನ ಮುಂದೆ ನಿಂತು, "ಊರಿಗೋಸ್ಕರ ನನ್ನ ಹೆಸರನ್ನೇ ತ್ಯಾಗ ಮಾಡಿದೀನಿ" ಎಂದು ಭಾಷಣ ಬಿಗಿದರು. ಮೊದಲು ಚಪ್ಪಾಳೆ ತಟ್ಟಿದವಳು ನಾಗವೇಣಿ. ಹೆಂಗಸರು ಮಾತ್ರ ಕೇಳಲು ನಿಲ್ಲಲಿಲ್ಲ. ಅವರು ಆಗಲೇ ರೈಲು ಹತ್ತಿ ಸೀಟು ಹಿಡಿದಿದ್ದರು.